ಬೆಳೆಯೋ ಹುಡುಗ, ಎರಡಿಂಚು ಹೆಚ್ಚಿಗೆ ಇರಲಿ

‘ನೀರಿಗಿಳಿದವನಿಗೆ ಚಳಿಯೇನು, ಮಳೆಯೇನು’ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಇಳಿದದ್ದು ತುಂಗೆಯ ನೀರಿಗೋ ನೇತ್ರಾವತಿಯ ನೀರಿಗೋ ಇರಬೇಕು. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಕಲ್ಲುಕ್ವಾರಿಯ ನೀರಿಗಂತೂ ಅಲ್ಲ. ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅವನನ್ನು ಇಲ್ಲಿಗೆ ಕರೆತಂದು, ಐದು ಡಿಗ್ರಿಯ ನೀರಿನಲ್ಲಿ ಮೊಣಕಾಲು ಮುಳುಗುವಷ್ಟು ನಿಲ್ಲಿಸಿದ್ದರೆ ಸಾಕಿತ್ತು. ಗಾದೆಯನ್ನು ಅಲ್ಲೇ ವಾಪಸು ತೆಗೆದುಕೊಂಡು, ಬಿಸಿ ಕಾಫಿ ಎಲ್ಲಿ ಸಿಗುತ್ತದೆಂದು ಕೇಳುತ್ತಿದ್ದ.

ನಿಜ ಹೇಳಬೇಕೆಂದರೆ ನೀರಿಗಿಳಿದವನಿಗೇ ಚಳಿ. ಅಷ್ಟೇ ತಣ್ಣಗಿರುವ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಕಿತ್ತುಕೊಳ್ಳುತ್ತದೆ. ಅದಕ್ಕೇ ಈ ಕಡೆಯ ಡೈವರುಗಳು ಡ್ರೈ ಸೂಟ್ ತೊಡುತ್ತಾರೆ. ವೆಟ್ ಸೂಟ್ ಎಂಬ ಇನ್ನೊಂದು ಜಾತಿ ಇದೆ. ಅದು ಒಂದಿಷ್ಟು ನೀರನ್ನು ಒಳಗೆ ಬಿಟ್ಟುಕೊಂಡು, ನಿಮ್ಮ ಮೈಯಿಂದಲೇ ಅದನ್ನು ಬೆಚ್ಚಗೆ ಮಾಡಿಸಿಕೊಂಡು, ಉಪಕಾರ ತೋರಿಸುತ್ತದೆ. ಡ್ರೈ ಸೂಟಿನಲ್ಲಿ ಆ ವ್ಯವಹಾರವೇ ಇಲ್ಲ. ಕಾಲ್ಬೆರಳಿನಿಂದ ಕತ್ತಿನವರೆಗೆ ಒಂದೇ ಚೀಲ. ಕತ್ತಿಗೆ, ಎರಡು ಮುಂಗೈಗೆ ರಬ್ಬರಿನ ಬಿಗಿ ಪಟ್ಟಿ. ಅದಕ್ಕೆ ಸೀಲ್ ಎನ್ನುತ್ತಾರೆ. ನೀರು ನುಗ್ಗದ ಒಂದು ಜಿಪ್. ಎದೆಯ ಮೇಲೆ ಗಾಳಿ ತುಂಬುವ ವಾಲ್ವು, ಎಡತೋಳಿನ ಮೇಲೆ ಗಾಳಿ ಬಿಡುವ ವಾಲ್ವು. ಬೆಚ್ಚಗಿಡುವುದು ಈ ಚೀಲವಲ್ಲ, ಒಳಗೆ ತೊಟ್ಟ ದಪ್ಪ ಒಳಸೂಟು ಮತ್ತು ಅದರಲ್ಲಿ ಸಿಕ್ಕಿಕೊಂಡ ಗಾಳಿ. ಚೀಲದ ಕೆಲಸ ಒಂದೇ, ನೀರನ್ನು ಹೊರಗೆ ನಿಲ್ಲಿಸುವುದು. ಒಂದು ಗಂಟೆ ನೀರಿನಡಿ ಇದ್ದು ಮೇಲೆ ಬಂದು ಜಿಪ್ ಎಳೆದರೆ ಒಳಗಿನ ಬನಿಯನ್ನು ಇಸ್ತ್ರಿ ಮಾಡಿದಂತೆ ಗರಿಗರಿಯಾಗಿರುತ್ತದೆ ಎಂದು ಮಾರುವವರು ಹೇಳುತ್ತಾರೆ.

ಆ ಮಾತಿಗೆ ನಾನು ಮರುಳಾದದ್ದರಲ್ಲಿ ಆಶ್ಚರ್ಯವೇನಿಲ್ಲ. ನಾನು ಹುಟ್ಟಿ ಬೆಳೆದದ್ದು ಆಗುಂಬೆ ಘಟ್ಟದ ತಪ್ಪಲಲ್ಲಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಬಟ್ಟೆ ಎಂಬುದು ನಮಗೆ ಪುಸ್ತಕದಲ್ಲಿ ಓದಿ ತಿಳಿದ ವಿಷಯ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಅಮ್ಮ ಯೂನಿಫಾರಮ್ಮು ಹರವುತ್ತಿದ್ದಳು. ಬೆಳಗಾಗುವ ಹೊತ್ತಿಗೆ ಅದು ಒಣಗುತ್ತಿರಲಿಲ್ಲ, ಬಿಸಿಯಾಗುತ್ತಿತ್ತು ಅಷ್ಟೆ. ಆ ಹೊಗೆವಾಸನೆಯ ಬಿಸಿ ಒದ್ದೆ ಚಡ್ಡಿ ಹಾಕಿಕೊಂಡು, ಮೇಲೆ ಕಂಬಳಿಕೊಪ್ಪೆ ಹೊದ್ದು ಶಾಲೆಗೆ ಹೊರಟರೆ, ಗದ್ದೆಬದುವಿನ ಕೆಸುವಿನೆಲೆಗಳು ಮಾತ್ರ ಒಂದು ಹನಿಯನ್ನೂ ಮೈಗೆ ಹಚ್ಚಿಕೊಳ್ಳದೆ ತೂಗಾಡುತ್ತಿದ್ದವು. ಅವನ್ನು ಕಂಡರೆ ನನಗೆ ಆಗ ಹೊಟ್ಟೆಕಿಚ್ಚಾಗುತ್ತಿತ್ತು.

ನೀರೊಳಗೆ ಹೋಗುವ ಹುಚ್ಚು ಹಿಡಿದದ್ದು ಮಾತ್ರ ತಡವಾಗಿ, ನಲವತ್ತೆಂಟರಲ್ಲಿ. ರಜೆಗೆ ಊರಿಗೆ ಹೋಗಿದ್ದಾಗ ಅಕ್ಕನ ಮಗ ‘ಬಾ ಮಾವ, ಸುಮ್ನೆ’ ಎಂದು ಮುರುಡೇಶ್ವರಕ್ಕೆ ಎಳೆದುಕೊಂಡು ಹೋದ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ಹೋದರೆ ನೇತ್ರಾಣಿ ದ್ವೀಪ. ನೀರು ಹಂಡೆಯ ಬಿಸಿನೀರಿಗೆ ಎರಡು ತಂಬಿಗೆ ತಣ್ಣೀರು ಬೆರೆಸಿದಷ್ಟು ಹಿತ. ಕೊಟ್ಟ ತೆಳು ಸೂಟು ಚಳಿಗಲ್ಲ, ಬಂಡೆ ತರಚದಿರಲಿ ಎಂದು. ಅಳತೆಯ ವಿಚಾರಣೆ ಒಂದೇ ಪ್ರಶ್ನೆಯಲ್ಲಿ ಮುಗಿಯಿತು. ದೋಣಿಯ ಹುಡುಗ ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, ‘ಡಬಲ್ ಎಕ್ಸೆಲ್ ಕೊಡಾ ಇವ್ರಿಗೆ’ ಎಂದು ಕೂಗಿದ. ಒಳಗೆ ಹೋದ ಮೇಲೆ ಗಿಳಿಮೀನುಗಳು ಹವಳವನ್ನು ಕಟಕಟನೆ ಕಡಿಯುವ ಸದ್ದು ಕಿವಿಗೆ ಬಿತ್ತು. ನಮ್ಮಜ್ಜ ಅಡಕೆ ಕಡಿಯುತ್ತಿದ್ದ ಸದ್ದು ಅದೇ. ನಾನು ಅಲ್ಲಿಗೆ ಮುಗಿದೆ.

ಇತ್ತ ನಾನಿರುವುದು ಲೆಸ್ಟರಿನಲ್ಲಿ. ಸಮುದ್ರದಿಂದ ಇಷ್ಟು ದೂರದ ಊರು ಇಂಗ್ಲೆಂಡಿನಲ್ಲಿ ಹೆಚ್ಚಿಲ್ಲ. ಆದರೆ ಹತ್ತಿರದಲ್ಲೇ ಸ್ಟೋನಿ ಸ್ಟಾಂಟನ್ ಎಂಬ ಹಳ್ಳಿಯ ಪಕ್ಕ ಸ್ಟೋನಿ ಕೋವ್ ಇದೆ. ಗ್ರಾನೈಟ್ ತೆಗೆಯುತ್ತಿದ್ದ ಕ್ವಾರಿ. 1958ರಲ್ಲಿ ಕೆಲಸ ನಿಂತ ಮೇಲೆ ಬುಗ್ಗೆಯ ನೀರು ತುಂಬಿಕೊಂಡಿತು. ಈಗ ಅದು ಡೈವರುಗಳ ಗರಡಿಮನೆ. ತಳದಲ್ಲಿ ನೋಡಲಿಕ್ಕೆ ಏನಾದರೂ ಇರಲಿ ಎಂದು ಒಂದು ಹೆಲಿಕಾಪ್ಟರು ಇಟ್ಟಿದ್ದಾರೆ, 2000ದಲ್ಲಿ ಸ್ಟೇನ್‌ಗಾರ್ತ್ ಎಂಬ ಹಳೇ ಟಗ್ ಹಡಗನ್ನೂ ಮುಳುಗಿಸಿದ್ದಾರೆ. ಗಿಳಿಮೀನು ಇಲ್ಲ. ಮಂಜು ಕವಿದ ಬೆಳಿಗ್ಗೆ ಆ ಕಪ್ಪುನೀರಿನ ದಡದಲ್ಲಿ ನಿಂತರೆ, ತಮ್ಮ ಇಷ್ಟದಿಂದಲೇ ಶಿಕ್ಷೆ ಅನುಭವಿಸಲು ಬಂದ ಮನುಷ್ಯರ ಸಾಲು ಕಾಣುತ್ತದೆ. ಆ ಸಾಲಿಗೆ ನಾನೂ ಸೇರಿದೆ. ಸೂಟು ಬೇಕಾಯಿತು.

ಇಲ್ಲಿ ನನ್ನ ಮತ್ತು ಬಟ್ಟೆಯ ಅಳತೆಯ ಹಳೇ ಸಂಬಂಧವನ್ನು ಹೇಳಲೇಬೇಕು.

ಚಿಕ್ಕಂದಿನಲ್ಲಿ ನನ್ನ ಅಳತೆಗೆ ಹೊಲಿದ ಬಟ್ಟೆಯನ್ನು ನಾನು ತೊಟ್ಟದ್ದೇ ಇಲ್ಲ. ಒಂದೋ ಅಣ್ಣನ ಹಳೇ ಅಂಗಿ, ಇಲ್ಲವೇ ಮುಂದೆ ನಾನು ಆಗಬಹುದಾದ ಹುಡುಗನ ಅಳತೆಯ ಹೊಸ ಅಂಗಿ. ಮೇ ತಿಂಗಳ ಕೊನೆಗೆ ಅಮ್ಮ ನನ್ನನ್ನು ಪೇಟೆಯ ಟೈಲರ ಹತ್ತಿರ ಕರೆದೊಯ್ಯುತ್ತಿದ್ದಳು. ಕತ್ತಿಗೆ ಟೇಪು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡ ಅವರು ನನ್ನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಭುಜ, ತೋಳು, ಸೊಂಟ ಎಂದು ಅಳೆದು ಒಂದೊಂದೇ ಸಂಖ್ಯೆ ಕೂಗುವರು. ಪ್ರತಿ ಸಂಖ್ಯೆಗೂ ಅಮ್ಮನದೊಂದು ತಿದ್ದುಪಡಿ. ‘ಬೆಳೆಯೋ ಹುಡುಗ, ಎರಡಿಂಚು ಹೆಚ್ಚಿಗೆ ಇರಲಿ.’ ಟೈಲರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಇವನು ಅಷ್ಟೊಂದು ಬೆಳೆಯುವನೇ ಎಂದು ಅಂದಾಜು ಮಾಡಿ, ‘ಆಯ್ತಮ್ಮ, ಒಳಗೆ ಮಡಿಚಿಡ್ತೀನಿ’ ಎನ್ನುವರು.

ಆ ಮಡಿಕೆಯೇ ನಮ್ಮ ಉಳಿತಾಯ ಖಾತೆ. ಚಡ್ಡಿಯ ಅಂಚಿನಲ್ಲಿ ಒಳಕ್ಕೆ ಮಡಿಚಿಟ್ಟ ಬಟ್ಟೆಯನ್ನು ವರ್ಷಕ್ಕೊಮ್ಮೆ ಬ್ಲೇಡಿನಿಂದ ನೂಲು ಕತ್ತರಿಸಿ ಅಮ್ಮ ಇಳಿಸುವಳು. ಇಳಿಸಿದ ಜಾಗದಲ್ಲಿ ಖಾಕಿ ಬಣ್ಣ ಹೊಸದರಂತೆ ಗಾಢ. ಮೇಲಿನದು ಒಗೆದೊಗೆದು ಮಾಸಿದ್ದು. ನಡುವೆ ಹಳೇ ಮಡಿಕೆಯ ಒಂದು ಬಿಳಿಗೆರೆ. ಮೂರನೇ ವರ್ಷಕ್ಕೆ ಅಂಥ ಎರಡು ಗೆರೆ ಇರುತ್ತಿದ್ದವು. ಮರ ಕಡಿದು ಉಂಗುರ ಎಣಿಸುವ ಹಾಗೆ ನನ್ನ ಚಡ್ಡಿ ನೋಡಿ ಯಾರಾದರೂ ವಯಸ್ಸು ಹೇಳಬಹುದಿತ್ತು. ಆದರೆ ನಾನು ಟೈಲರ ಅಂದಾಜಿಗೆ ತಕ್ಕಂತೆ ಬೆಳೆಯಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿದಾಗಲೂ ಅಂಗಿಯ ತೋಳಲ್ಲಿ ಒಂದಿಂಚು ಬಾಕಿ ಇತ್ತು.

ಇಂಥ ಸಂಸ್ಕಾರದವನು ಮೊದಲ ಡ್ರೈ ಸೂಟನ್ನು ಹೇಗೆ ಆರಿಸಿಯಾನು? ಸೆಕೆಂಡ್‌ ಹ್ಯಾಂಡ್ ಒಂದು ಸಿಕ್ಕಿತು. ಮಾರುವವನು ಆರಡಿ ಎರಡಿಂಚು, ನಾನು ಐದಡಿ ಆರಿಂಚು. ‘ನಿಮಗೆ ಕೊಂಚ ದೊಡ್ಡದಾಗಬಹುದು’ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದ. ದೊಡ್ಡದಾದರೆ ಲಾಭವಲ್ಲವೇ! ಒಳಗೆ ಎರಡು ಸ್ವೆಟರು ಹೆಚ್ಚಿಗೆ ಹಾಕಿಕೊಳ್ಳಬಹುದು. ಮನೆಗೆ ತಂದು ತೊಟ್ಟು ತೋರಿಸಿದೆ. ಇವಳು ಸೋಫಾದಿಂದ ಏಳದೆ ನೋಡಿ, ‘ರೀ, ಒಳಗೆ ನೀವಿದೀರಾ?’ ಎಂದಳು.

ಡ್ರೈ ಸೂಟಿನಲ್ಲಿ ಹೆಚ್ಚಿಗೆ ಇದ್ದ ಜಾಗ ಖಾಲಿ ಇರುವುದಿಲ್ಲ. ಕೆಳಗಿಳಿದಂತೆ ನೀರಿನ ಒತ್ತಡಕ್ಕೆ ಒಳಗಿನ ಗಾಳಿ ಕುಗ್ಗುತ್ತದೆ. 10 ಮೀಟರು ಇಳಿದರೆ ಅರ್ಧ. ಸೂಟು ಮೈಗೆ ಅಂಟಿ ಹಿಂಡತೊಡಗುತ್ತದೆ, ಆಗ ಎದೆಯ ಗುಂಡಿ ಒತ್ತಿ ಗಾಳಿ ಬಿಟ್ಟುಕೊಳ್ಳಬೇಕು. ಅಳತೆಯ ಸೂಟಾದರೆ ಒಂದು ಚೂರು ಸಾಕು. ನನ್ನದು ಕಣಜ. ಗಾಳಿ ತುಂಬಿದಷ್ಟೂ ಹಿಡಿಯುತ್ತಿತ್ತು. ಸ್ಟೋನಿ ಕೋವ್‌ನಲ್ಲಿ ಏಳು ಮೀಟರಿನ ಜಗಲಿಯಂಥ ಜಾಗವೊಂದಿದೆ. ಅಲ್ಲಿ ಬಂಡೆಯ ಬಿರುಕಿನೊಳಗೆ ಏನೋ ಸರಿದಂತಾಗಿ, ಗಿಳಿಮೀನಿನ ಆಸೆಯಿಂದ ತಲೆ ಬಗ್ಗಿಸಿದೆ. ಸೂಟಿನೊಳಗಿನ ಗಾಳಿಯೆಲ್ಲ ಗುಳುಗುಳು ಎಂದು ಬೆನ್ನು ಹಾದು, ತೊಡೆ ಹಾದು ಪಾದಕ್ಕೆ ಹರಿಯಿತು. ಬೂಟುಗಳು ಎರಡು ಕುಂಬಳಕಾಯಿಯಾದವು. ಪಾದ ಬೂಟಿನಿಂದ ಜಾರಿ ಮೊಣಕಾಲಿನತ್ತ ಬಂತು. ಒಂದು ಕಾಲಿನ ಈಜುರೆಕ್ಕೆ ಕಳಚಿ ಹೋಯಿತು. ನಾನು ತಲೆಕೆಳಗಾಗಿ ತ್ರಿಶಂಕುವಿನಂತೆ ನಿಂತೆ. ಅವನನ್ನಾದರೂ ದೇವತೆಗಳು ಕೆಳಕ್ಕೆ ತಳ್ಳಿದರು, ನನ್ನನ್ನು ನನ್ನ ಪ್ಯಾಂಟೇ ಮೇಲಕ್ಕೆ ಎಳೆಯುತ್ತಿತ್ತು. ಗಾಳಿ ಬಿಡುವ ವಾಲ್ವು ತೋಳಿನ ಮೇಲೆ ಎಂದೆನಲ್ಲ, ತಲೆಕೆಳಗಾದವನಿಗೆ ತೋಳು ಕೆಳಗೆ, ಗಾಳಿ ಮೇಲೆ. ಎಷ್ಟು ಒತ್ತಿದರೂ ಏನೂ ಹೊರಡದು. ಮೊಣಕಾಲು ಮಡಿಚಿ ಉಂಡೆಯಾಗಿ ಪಲ್ಟಿ ಹೊಡೆಯಬೇಕೆಂದು ಕಲಿಸಿದ್ದರು. ಕಣಜದೊಳಗೆ ಮೊಣಕಾಲು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಜೊತೆಗಾರ ಬಂದು ಕಾಲು ಹಿಡಿದು ತಿರುಗಿಸಿದ.

ನನ್ನ ಈ ಜೊತೆಗಾರ ನಿವೃತ್ತ ಪ್ಲಂಬರು, ಇಂಗ್ಲಿಷಿನವನು, ನಲವತ್ತು ವರ್ಷ ಸೋರಿಕೆಗಳ ಜೊತೆ ಬಾಳಿದವನು. ದಡದಲ್ಲಿ ಕೂತು ಚಹಾ ಕುಡಿಯುತ್ತ ಹೇಳಿದ: ‘ಗಾಳಿ ಯಾವಾಗಲೂ ಎತ್ತರದ ಮೂಲೆ ಹುಡುಕುತ್ತದೆ. ಪೈಪಾದರೂ ಅಷ್ಟೇ, ಪ್ಯಾಂಟಾದರೂ ಅಷ್ಟೇ.’

ಒಮ್ಮೆ ಕಣಜದಲ್ಲಿ ಬಿದ್ದವನು ಮುಂದೆ ಕೊಳವೆಯೊಳಗೇ ಹೋಗುತ್ತಾನೆ. ಎರಡನೇ ಸೂಟು ಬಿಗಿ. ದಪ್ಪ ನಿಯೋಪ್ರೀನಿನದು. ಕತ್ತಿನ ಸೀಲೂ ಅದೇ ನಿಯೋಪ್ರೀನು. ತೊಟ್ಟ ಮೇಲೆ ಅದರ ಅಂಚನ್ನು ಒಳಕ್ಕೆ ಮಡಿಚಿಕೊಳ್ಳಬೇಕು. ಹಾಕಿಕೊಂಡು ಎರಡು ನಿಮಿಷಕ್ಕೆ ಕಣ್ಣು ಕತ್ತಲೆ ಬಂತು. ತಮಾಷೆಯ ಮಾತಲ್ಲ ಇದು. ಕತ್ತಿನ ಎರಡೂ ಪಕ್ಕ ತಲೆಗೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಅಳೆಯುವ ಒಂದು ಜಾಗವಿದೆ. ಸೀಲು ಅಲ್ಲಿ ಒತ್ತಿದರೆ, ರಕ್ತದೊತ್ತಡ ಏರಿದೆಯೆಂದು ಮೈ ತಪ್ಪು ತಿಳಿದು ಹೃದಯದ ಬಡಿತವನ್ನು ಇಳಿಸಿಬಿಡುತ್ತದೆ. ಮನುಷ್ಯ ಎಚ್ಚರ ತಪ್ಪಬಹುದು. ಪ್ಲಂಬರನ ಸಲಹೆ: ಕತ್ತಿಗಿಂತ ಒಂಚೂರು ಚಿಕ್ಕದಾದ ದುಂಡಗಿನ ಪಾತ್ರೆಯೊಂದಕ್ಕೆ ಸೀಲನ್ನು ಏರಿಸಿ ರಾತ್ರಿಯಿಡೀ ಬಿಡು, ಹಿಗ್ಗುತ್ತದೆ.

ಅಡುಗೆಮನೆಗೆ ಹೋಗಿ ಟೇಪು ಹಿಡಿದು ಒಂದೊಂದೇ ಪಾತ್ರೆ ಅಳೆದೆ. ಕುಕ್ಕರು ದೊಡ್ಡದು, ಚೊಂಬು ಚಿಕ್ಕದು. ಸರಿಹೊಂದಿದ್ದು ಒಂದೇ, ಊರಿಂದ ತಂದ ಮಿಡಿ ಉಪ್ಪಿನಕಾಯಿಯ ಪಿಂಗಾಣಿ ಭರಣಿ. ಇವಳು ಮಲಗಿದ ಮೇಲೆ ಗುಟ್ಟಾಗಿ ಅದರ ಕತ್ತಿಗೆ ಸೀಲು ಏರಿಸಿದೆ. ಬೆಳಿಗ್ಗೆ ಎದ್ದವಳು ಕಂಡದ್ದು ಊಟದ ಮೇಜಿನ ಮೇಲೆ ಕೈಕಾಲು ಚೆಲ್ಲಿ ಕೂತ, ತಲೆಯ ಜಾಗದಲ್ಲಿ ಉಪ್ಪಿನಕಾಯಿ ಭರಣಿ ಇದ್ದ ಒಬ್ಬ ಕಪ್ಪು ಮನುಷ್ಯನನ್ನು. ಆ ಮೇಲಿನ ಮಾತುಕತೆ ಇಲ್ಲಿ ಬೇಡ. ಸೀಲು ಹಿಗ್ಗಿತು, ಸುಳ್ಳಲ್ಲ. ಆದರೆ ಮುಂದಿನ ಆರು ತಿಂಗಳು ನಾನು ನೀರಿಗಿಳಿದಾಗಲೆಲ್ಲ ಮೂಗಿನ ಕೆಳಗೆ ಇಂಗು, ಸಾಸಿವೆ, ಅಪ್ಪೆಮಿಡಿಯ ಸೊನೆ ಘಮಘಮಿಸುತ್ತಿತ್ತು. ಐದು ಡಿಗ್ರಿ ನೀರಿಗೆ ಹೊರಟವನಿಗೆ ಬಾಯಲ್ಲಿ ನೀರೂರುವುದು, ಮೊಸರನ್ನ ನೆನಪಾಗುವುದು. ಈಗಲೂ ಹೇಳುತ್ತೇನೆ, ಆ ಸೂಟಿನ ಒಂದೇ ಒಂದು ಒಳ್ಳೇ ಗುಣ ಅದು.

ಕತ್ತು ಹಿಗ್ಗಿದರೂ ಮಿಕ್ಕದ್ದು ಹಿಗ್ಗಲಿಲ್ಲ. ಬೆನ್ನ ಮೇಲಿನ ಸಿಲಿಂಡರಿನ ವಾಲ್ವನ್ನು ಡೈವರು ತನ್ನ ಕೈಯಿಂದಲೇ ಹಿಂದಕ್ಕೆ ಚಾಚಿ ತಿರುಗಿಸಬಲ್ಲವನಾಗಿರಬೇಕು. ನನ್ನ ಕೈ ಕಿವಿಯವರೆಗೆ ಹೋಗಿ ನಿಲ್ಲುತ್ತಿತ್ತು, ತಪ್ಪು ಮಾಡಿ ಕಿವಿ ಹಿಡಿದುಕೊಂಡ ಶಾಲೆಹುಡುಗನ ಹಾಗೆ. ಆಳಕ್ಕೆ ಹೋದಾಗ ಸೂಟಿನ ಮಡಿಕೆಗಳು ಚರ್ಮವನ್ನು ಚಿವುಟಿ ಹಿಡಿಯುತ್ತಿದ್ದವು. ಮನೆಗೆ ಬಂದು ಬನಿಯನ್ನು ಬಿಚ್ಚಿದರೆ ಬೆನ್ನು, ಭುಜದ ಮೇಲೆಲ್ಲ ಕೆಂಪು ಬಾಸುಂಡೆ. ‘ಯಾರ ಹತ್ರ ಬಾರಿಸ್ಕೊಂಡು ಬಂದ್ರಿ?’ ಎಂದು ಇವಳು ಕೇಳಿದಳು. ಒಂದು ಬಾಟಲು ಎಣ್ಣೆ ಹಚ್ಚಿದಳು, ಪಾಪ.

ನೀರಲ್ಲಿ ಒಣಗಿರುವ ಈ ಆಸೆ ಮನುಷ್ಯನಿಗೆ ಹೊಸದಲ್ಲ. ಫಿನ್ಲೆಂಡಿನ ರಾಹೆ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ 18ನೇ ಶತಮಾನದ ಒಂದು ಡೈವಿಂಗ್ ಸೂಟಿದೆ. ‘ಮುದಿ ಯಜಮಾನ’ ಎಂಬರ್ಥದ ಹೆಸರಿನಿಂದ ಅದನ್ನು ಕರೆಯುತ್ತಾರೆ. ಚರ್ಮದಲ್ಲಿ ಹೊಲಿದು, ನೀರು ಇಳಿಯದಿರಲೆಂದು ಹಂದಿಕೊಬ್ಬು, ಟಾರು ಮೆತ್ತಿದ್ದು. ಚಿತ್ರದಲ್ಲಿ ನೋಡಿದರೆ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೇ ಜೋಲುತ್ತದೆ. ನನಗೆ ಅದರ ಮೇಲೆ ಬಂಧುಪ್ರೀತಿ. 1837ರಲ್ಲಿ ಲಂಡನ್ನಿನಲ್ಲಿದ್ದ ಜರ್ಮನ್ ಮೂಲದ ಆಗಸ್ಟಸ್ ಸೀಬ ಎಂಬಾತ ತಾಮ್ರದ ಶಿರಸ್ತ್ರಾಣಕ್ಕೆ ಇಡೀ ಮೈಯ ಸೂಟನ್ನು ನೀರು ಸೇರದಂತೆ ಬಿಗಿದ. ಹಳೇ ಸಿನಿಮಾಗಳಲ್ಲಿ ಕಾಣುವ ಗುಂಡುತಲೆಯ ಡೈವರು ಅವನ ಸೃಷ್ಟಿ. ಈಗಿನ ಸೂಟಿಗೆ ಹತ್ತಿರದ ಪೂರ್ವಜ ಎಂದರೆ 1960ರ ದಶಕದ ಸ್ವೀಡನ್ನಿನ ಯೂನಿಸೂಟ್. ಅದರ ಜಿಪ್ ಬೆನ್ನಿಂದ ಹೊರಟು, ಕಾಲಸಂದಿನಲ್ಲಿ ಹಾದು, ಮುಂದೆ ಎದೆಯವರೆಗೆ ಬರುತ್ತಿತ್ತು. ಆ ಜಿಪ್ ಎಳೆಯುವ ಕ್ಷಣದಲ್ಲಿ ಸ್ವೀಡನ್ನಿನ ಗಂಡಸರು ಯಾವ ದೇವರನ್ನು ನೆನೆಯುತ್ತಿದ್ದರೋ!

ಎರಡು ಸೂಟು ಕೈಕೊಟ್ಟ ಮೇಲೆ ಜ್ಞಾನೋದಯವಾಗಿ, ಅಳತೆ ಕೊಟ್ಟು ಹೊಲಿಸುವುದೆಂದು ನಿಶ್ಚಯಿಸಿದೆ. ಮೂರು ಪದರದ ತೆಳು ಬಟ್ಟೆಯ ಸೂಟು. ಹೊರಗೆ ಒಳಗೆ ನೇಯ್ದ ಬಟ್ಟೆ, ನಡುವೆ ರಬ್ಬರು. ಟ್ರೈಲ್ಯಾಮಿನೇಟ್ ಎನ್ನುತ್ತಾರೆ. ನಿಯೋಪ್ರೀನಿನಂತೆ ಇದು ಹಿಗ್ಗದು, ಜಗ್ಗದು. ಅಳತೆ ತಪ್ಪಿದರೆ ತಪ್ಪಿತು. ಅಂಗಡಿಯವರು ಕಳಿಸಿದ ಅಳತೆಯ ಹಾಳೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮನೆಗಳಿದ್ದವು. ಕತ್ತು, ಮುಂಗೈ, ತೋಳು, ಮೀನಖಂಡ, ಪಾದ ಸರಿ. ಆದರೆ ಮುಂದಿನ ಭುಜದಿಂದ ಕಾಲಸಂದು ಹಾದು ಹಿಂದಿನ ಭುಜದವರೆಗಿನ ಸುತ್ತಳತೆ ಎಂಬುದೊಂದಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಇವಳು ಟೇಪು ಹಿಡಿದು ಆ ಮಾರ್ಗದಲ್ಲಿ ಹೊರಟಾಗ ಇಬ್ಬರಿಗೂ ನಗು ತಡೆಯಲಾಗದೆ ಮೂರು ಸಲ ಲೆಕ್ಕ ತಪ್ಪಿತು. ಸೊಂಟಕ್ಕೆ ಬಂದಾಗ ನಾನು ತಿಳಿಯದೆಯೇ ಹೊಟ್ಟೆ ಒಳಗೆಳೆದೆ. ‘ಉಸಿರು ಬಿಡ್ರಿ, ನೀರೊಳಗೆ ಎಷ್ಟೊತ್ತು ಹಿಡ್ಕೊಂಡಿರ್ತೀರಾ?’ ಎಂದಳು. ಡೈವಿಂಗಿನ ಮೊದಲ ಪಾಠವೂ ಅದೇ, ಉಸಿರು ಹಿಡಿಯಬಾರದು. ಬಿಟ್ಟೆ. ಟೇಪು ನಾಲ್ಕಿಂಚು ಮುಂದೆ ಹೋಯಿತು.

ಆಮೇಲೆ ಅಂಗಡಿಯಲ್ಲಿ ಖುದ್ದು ಪರೀಕ್ಷೆ. ನಿಮ್ಮಲ್ಲಿರುವ ಅತಿ ದಪ್ಪ ಒಳಸೂಟು ಹಾಕಿಕೊಂಡೇ ಬರಬೇಕು. ಬೇಸಿಗೆಯ ಅಳತೆ ಚಳಿಗಾಲಕ್ಕೆ ಆಗದು. ಮಾದರಿ ಸೂಟೊಂದನ್ನು ತೊಡಿಸಿ ಬಸ್ಕಿ ಹೊಡೆಸಿದರು. ಬಗ್ಗಿ ಪಾದ ಮುಟ್ಟಲು ಹೇಳಿದರು. ಒಂದು ಮೊಣಕಾಲೂರಿ ಕೂರಿಸಿದರು. ಎರಡೂ ಕೈಯಿಂದ ನನ್ನನ್ನೇ ನಾನು ಅಪ್ಪಿಕೊಂಡು, ಆ ಮೇಲೆ ಕೈಗಳನ್ನು ತಲೆಯ ಹಿಂದಕ್ಕೆ ಚಾಚಿ ಇಲ್ಲದ ಸಿಲಿಂಡರಿನ ವಾಲ್ವನ್ನು ತಿರುಗಿಸಬೇಕು. ಕಾಲಸಂದು ಎಳೆಯಬಾರದು, ಮುಂಗೈ ಸೀಲು ಜಾರಬಾರದು, ಬೂಟಿನೊಳಗೆ ಹಿಮ್ಮಡಿ ಏಳಬಾರದು. ಅಂಗಡಿಯ ಗಾಜಿನಾಚೆ ಬಸ್ಸಿಗೆ ಕಾಯುತ್ತಿದ್ದ ಗುಜರಾತಿ ಅಜ್ಜಿಯೊಬ್ಬರು ಇದನ್ನೆಲ್ಲ ಗಮನವಿಟ್ಟು ನೋಡಿ ಕೊನೆಗೆ ಕೈಮುಗಿದರು. ಯೋಗ ಎಂದುಕೊಂಡಿರಬೇಕು.

ಕತ್ತಿನ ಸೀಲು ಈ ಸಲ ಲೇಟೆಕ್ಸಿನದು. ಶಂಕುವಿನ ಆಕಾರ, ಮೇಲೆ ಉಂಗುರ ಉಂಗುರವಾಗಿ ಗೆರೆ. ನಿಮ್ಮ ಕತ್ತಿಗೆ ಹೊಂದುವವರೆಗೆ ಒಂದೊಂದೇ ಉಂಗುರ ಕತ್ತರಿಸುತ್ತ ಬರಬೇಕು. ಒಂದು ಹೆಚ್ಚಿಗೆ ಕತ್ತರಿಸಿದರೆ ಅಂಟಿಸಲು ಬರುವುದಿಲ್ಲ. ಅಂಗಡಿಯ ಯುವಕ ಉದ್ದ ಕತ್ತರಿ ಹಿಡಿದು, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಒಂದು ಉಂಗುರ ಸುತ್ತಿ ತೆಗೆದ. ಕಪ್ಪು ಬಳೆಯಂಥ ಆ ರಬ್ಬರು ಮೇಜಿನ ಮೇಲೆ ಬಿತ್ತು. ಹಾಕಿ ನೋಡಿದೆ, ಬಿಗಿ. ಇನ್ನೊಂದು ಬಳೆ. ಮೂರನೆಯದಕ್ಕೆ ಕತ್ತರಿ ಇಡುವ ಮುಂಚೆ ಅವನು ನನ್ನ ಕತ್ತನ್ನು ಎರಡು ಬೆರಳಿನಿಂದ ಮುಟ್ಟಿ ಕೇಳಿದ: ‘ಸದ್ಯಕ್ಕೆ ನಿಮ್ಮ ಮೈ ಇಷ್ಟೇ ಇರುತ್ತದೆ ತಾನೆ? ಹೆಚ್ಚುಕಮ್ಮಿ ಆಗುವ ಅಂದಾಜಿಲ್ಲವಲ್ಲ?’

ನಾನು ಏನು ಹೇಳಬೇಕೆಂದು ತೋಚದೆ ನಿಂತೆ. ಐವತ್ತೆರಡು ವರ್ಷದ ಬದುಕಿನಲ್ಲಿ ಮೊದಲ ಸಲ ಒಬ್ಬ ಟೈಲರು ನಾನು ಇರುವಷ್ಟನ್ನೇ ಅಳೆಯುತ್ತಿದ್ದ. ಪಕ್ಕದಲ್ಲಿ ನಿಂತು ತಿದ್ದುಪಡಿ ಹೇಳುವವರು ಯಾರೂ ಇರಲಿಲ್ಲ. ‘ಇಲ್ಲ, ಇನ್ನೇನೂ ಬೆಳೆಯುವುದಿಲ್ಲ’ ಎಂದೆ. ಅವನು ಮೂರನೇ ಬಳೆಯನ್ನೂ ಕತ್ತರಿಸಿದ.

ಆ ಭಾನುವಾರ ಫೋನಿನಲ್ಲಿ ಅಮ್ಮನಿಗೆ ಹೊಸ ಸೂಟು ತೋರಿಸಿದೆ. ಅಮ್ಮನಿಗೆ ಈಗ ಎಂಬತ್ತನಾಲ್ಕು. ಕ್ಯಾಮೆರಾದ ಬದಲು ಕಿವಿಯನ್ನು ಫೋನಿಗೆ ತಾಗಿಸಿಕೊಂಡು ಮಾತಾಡುವುದರಿಂದ ನನಗೆ ಕಂಡದ್ದು ಅವಳ ಓಲೆ ಮಾತ್ರ. ಅಕ್ಕ ಫೋನು ತಿರುಗಿಸಿಕೊಟ್ಟಳು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ‘ಎಂತದಾ ಅದು, ಮಳೆ ಕೋಟಾ?’ ಎಂದಳು. ಹೌದೆಂದೆ, ಅದಕ್ಕಿಂತ ಹತ್ತಿರದ ಉತ್ತರ ಇರಲಿಲ್ಲ. ಬೆಲೆ ಹೇಳಲಿಲ್ಲ. ಅಳತೆ ಕೊಟ್ಟು ಹೊಲಿಸಿದ್ದೆಂದು ಮಾತ್ರ ಹೇಳಿದೆ. ತಕ್ಷಣ ಕೇಳಿದಳು: ‘ಒಳಗೆ ಮಡಿಚಿ ಇಟ್ಟಿದಾರಾ?’

‘ಇಲ್ಲಮ್ಮ, ಇದಕ್ಕೆ ಹಾಗೆಲ್ಲ ಇಡೋಕೆ ಬರಲ್ಲ.’

‘ಹಂಗಾದ್ರೆ ಎಂತ ಟೈಲರು ಅವ್ನು.’

ಈ ಸೂಟನ್ನು ತೊಡುವುದೇ ಒಂದು ಕಾರ್ಯಕ್ರಮ. ಉಗುರು ಕತ್ತರಿಸಿರಬೇಕು, ವಾಚು ಉಂಗುರ ಕಳಚಿರಬೇಕು, ಸೀಲಿನ ಒಳಗೆ ಪೌಡರು ಉದುರಿಸಬೇಕು. ಗಡ್ಡ ಎರಡು ದಿನದ್ದಾದರೂ ಕತ್ತಿನಲ್ಲಿ ಸಂದು ಬಿಟ್ಟು ನೀರು ಜಿನುಗುತ್ತದೆ, ಆದ್ದರಿಂದ ಮದುವೆಮನೆಗೆ ಹೊರಟವನಂತೆ ನುಣ್ಣಗೆ ಕ್ಷೌರ. ಕತ್ತಿನ ಸೀಲಿನಲ್ಲಿ ಎರಡೂ ಕೈಯ ಬೆರಳಿಟ್ಟು ಅಗಲಿಸಿ ತಲೆ ತೂರಿಸುವಾಗ ಒಂದು ಗಳಿಗೆ ಕತ್ತಲೆ, ರಬ್ಬರಿನ ವಾಸನೆ. ಮೂಗು ಸಿಕ್ಕಿಕೊಳ್ಳುತ್ತದೆ, ಕಿವಿ ಮಡಿಚುತ್ತದೆ, ಪೊಕ್ಕೆಂದು ತಲೆ ಹೊರಬರುತ್ತದೆ. ಹುಟ್ಟಿದ್ದು ನೆನಪಿಲ್ಲದವರಿಗೆ ಒಂದು ಅಂದಾಜು ಸಿಗುತ್ತದೆ. ಜಿಪ್ ಇರುವುದು ಬೆನ್ನ ಮೇಲೆ, ಈ ಭುಜದಿಂದ ಆ ಭುಜದವರೆಗೆ. ಅದನ್ನು ಎಳೆಯಲು ಇನ್ನೊಬ್ಬರು ಬೇಕು. ಇಷ್ಟು ವರ್ಷ ಇವಳ ರವಿಕೆಯ ಹುಕ್ಕು ಹಾಕಿಕೊಟ್ಟ ಋಣ ಈಗ ತೀರುತ್ತಿದೆ. ಜಿಪ್ಪಿನ ಹಿತ್ತಾಳೆ ಹಲ್ಲಿಗೆ ಮೇಣ ಉಜ್ಜುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಾಳೆ. ನಾನು ಸರಿಯಾಗಿ ಮಾಡುವುದಿಲ್ಲವಂತೆ. ಕೊನೆಗೆ ಕುಕ್ಕರಗಾಲಲ್ಲಿ ಕೂತು, ಕತ್ತಿನ ಸೀಲನ್ನು ಒಂದು ಬೆರಳಿಂದ ಬಿಡಿಸಿದರೆ, ಹೆಚ್ಚಿನ ಗಾಳಿಯೆಲ್ಲ ದೊಡ್ಡ ತೇಗಿನಂತೆ ಹೊರಗೆ ಬರುತ್ತದೆ. ಹಬ್ಬದೂಟ ಉಂಡ ಸೂಟು.

ಮೂತ್ರದ ವಿಚಾರ ಕೇಳುವವರಿದ್ದೀರಿ, ಗೊತ್ತು. ಸೂಟಿನಲ್ಲಿ ಅದಕ್ಕೆಂದೇ ವಾಲ್ವು ಇಡಿಸಿಕೊಳ್ಳಬಹುದು, ಅಥವಾ ಮಕ್ಕಳ ಹಾಗೆ ಡಯಾಪರ್ ಕಟ್ಟಿಕೊಳ್ಳಬಹುದು. ನಾನು ಕಾಫಿ ಬಿಟ್ಟೆ.

ಮೊದಲ ದಿನ ಹೊಸ ಸೂಟಿನಲ್ಲಿ ಟಗ್ ಹಡಗಿನವರೆಗೆ ಇಳಿದೆ. ತಲೆ ಬಗ್ಗಿಸಿದರೂ ಗಾಳಿ ಪಾದಕ್ಕೆ ಓಡಲಿಲ್ಲ. ಕೈ ಚಾಚಿದರೆ ವಾಲ್ವು ಸಿಕ್ಕಿತು. ಮೇಲೆ ಬಂದು ಜಿಪ್ ಎಳೆಸಿದರೆ ಬನಿಯನ್ನು ಒದ್ದೆ! ನನ್ನ ಎದೆ ಧಸಕ್ಕೆಂದಿತು. ಪ್ಲಂಬರು ಬಂದು ಮೂಗು ಹತ್ತಿರ ತಂದು ಆಘ್ರಾಣಿಸಿ, ಸೋರಿಕೆ ಅಲ್ಲ, ಬೆವರು ಎಂದು ತೀರ್ಪು ಕೊಟ್ಟ. ದಡದಲ್ಲಿ ಅಷ್ಟು ದಪ್ಪ ಒಳಸೂಟು ತೊಟ್ಟು ಸಿಲಿಂಡರು ಹೊತ್ತು ನಡೆದದ್ದರ ಫಲ. ರನ್ನನ ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದಾಗ ಭೀಮನ ಗರ್ಜನೆ ಕೇಳಿ ಮುಳುಗಿದ್ದಲ್ಲೇ ಬೆವೆತನಲ್ಲ, ಮೇಷ್ಟರು ಅದನ್ನು ಕವಿಯ ಚಮತ್ಕಾರ ಎಂದು ಪಾಠ ಮಾಡಿದ್ದರು. ಚಮತ್ಕಾರವೇನಲ್ಲ. ಒಳಸೂಟು ದಪ್ಪವಾಯಿತು.

ಅದೇ ಸೂಟಿನಲ್ಲಿ ಐಸ್‌ಲೆಂಡಿನ ಸಿಲ್ಫ್ರಾಕ್ಕೂ ಹೋಗಿಬಂದೆ. ಉತ್ತರ ಅಮೆರಿಕದ ಮತ್ತು ಯುರೇಷ್ಯಾದ ಭೂಫಲಕಗಳು ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಒಂದರಿಂದ ಒಂದು ದೂರ ಸರಿಯುವ ಸೀಮೆ ಅದು. ಆ ಎಳೆತಕ್ಕೆ ನೆಲ ಬಿಟ್ಟ ಬಿರುಕಿನಲ್ಲಿ ಹಿಮನದಿಯ ನೀರು. ಲಾವಾ ಬಂಡೆಯೊಳಗೆ ದಶಕಗಟ್ಟಲೆ ಸೋಸಿಕೊಂಡು ಬರುವುದರಿಂದ ನೂರು ಮೀಟರು ಆಚೆಯದೂ ಕಾಣುವಷ್ಟು ತಿಳಿ. ವರ್ಷವಿಡೀ 2ರಿಂದ 4 ಡಿಗ್ರಿ. ಡ್ರೈ ಸೂಟಿಲ್ಲದವರನ್ನು ಡೈವಿಂಗಿಗೆ ಇಳಿಸುವುದಿಲ್ಲ. ಇವಳೂ ಬಾಡಿಗೆ ಸೂಟು ತೊಟ್ಟು ಮೇಲೆ ತೇಲುತ್ತ ಬಂದಳು. ಅವಳ ಸೂಟನ್ನು ಗೈಡು ಹುಡುಗಿ ಕಣ್ಣಳತೆಯಲ್ಲೇ ಹತ್ತು ಸೆಕೆಂಡಿಗೆ ಆರಿಸಿಕೊಟ್ಟಳು. ಮೇಲೆ ಬಂದಾಗ ಅವಳ ಕಾಲುಚೀಲ ಕೂಡ ಒಣಗಿತ್ತು. ಮೂರು ವರ್ಷದ ನನ್ನ ಸಂಶೋಧನೆಯ ಬಗ್ಗೆ ಅವಳು ಆಗ ಏನೂ ಹೇಳಲಿಲ್ಲ, ವಿಮಾನದಲ್ಲಿ ಹೇಳಿದಳು.

ಈಗ ಸೂಟಿಗೆ ಎರಡು ವರ್ಷ. ಹೋದ ತಿಂಗಳು ತೊಟ್ಟು ಬಸ್ಕಿ ಹೊಡೆದರೆ ಹೊಟ್ಟೆಯ ಹತ್ತಿರ ಎಳೆಯಿತು. ಸೂಟು ಕುಗ್ಗಿದೆ ಎಂದು ವಾದಿಸಿ ನೋಡಿದೆ. ಇವಳು ಮಾತಾಡದೆ ಟೇಪು ತಂದಳು. ಹಳೇ ಹಾಳೆ ಪಕ್ಕದಲ್ಲಿಟ್ಟು ಅಳೆದರೆ ವ್ಯತ್ಯಾಸ ಸರಿಯಾಗಿ ಎರಡಿಂಚು. ಅಂಗಡಿಯವರು ಎರಡೂ ಪಕ್ಕೆಯಲ್ಲಿ ಹೊಲಿಗೆ ಬಿಡಿಸಿ, ಕಂಕುಳಿಂದ ಸೊಂಟದವರೆಗೆ ಒಂದೊಂದು ಪಟ್ಟಿ ಸೇರಿಸಿ ಕೊಟ್ಟರು. ಸೂಟಿನ ಬಣ್ಣ ಮಾಸಿದೆ, ಪಟ್ಟಿಯದು ಗಾಢ. ದೂರಕ್ಕೂ ಕಾಣುತ್ತದೆ. ಅಮ್ಮನಿಗೆ ಇನ್ನೂ ತೋರಿಸಿಲ್ಲ.

ಅಳತೆ ಕೊಡಲು ಹೊರಟವರಲ್ಲಿ ನನ್ನದೊಂದು ವಿನಂತಿ: ಊಟ ಮಾಡಿಕೊಂಡೇ ಹೋಗಿ.